ಸುಣ್ಣ ಯಾರಿಗೆ?

"ಏನೋ ಪುಟ್ಟ, ಸಿವಿಲ್‌ನೋರ ಟೂರ್ ಮುಗೀತಾ?"

"ಹೂಂ ರಾಯರೇ, ಕೆಆರ್‌ಎಸ್ ನೋಡ್ಕೊಂಡು ಬಂದ್ವಿ. 1911ರಲ್ಲಿ ಶುರು ಮಾಡಿದ ಕಟ್ಟೆ. ಸಿಮೆಂಟಲ್ಲ, ಸುಣ್ಣ-ಸುರ್ಕಿ ಗಾರೆ. ಇನ್ನೂ ಕಲ್ಲುಗುಂಡು!"

"ಕಟ್ಟೆಗೆ ಸುಣ್ಣ ಸರಿ. ಬೆಣ್ಣೆ ಯಾರಿಗಂತೆ?"

"ಅದು ಸಿಲಬಸ್‌ನಲ್ಲಿಲ್ಲ."

"ಆಮೇಲೆ?"

"ನಮ್ಮೂರ ಹೊಸ ಸೇತುವೆ. ಟೇಪು ಕತ್ತರಿಸೋ ಮೊದಲೇ ಬಿರುಕು! ಮೇಷ್ಟ್ರು ಅಲ್ಲೇ ಪಾಠ ಶುರು ಮಾಡಿದ್ರು: ಸಿಮೆಂಟ್ ಒಂದು ಪಾಲು, ಮರಳು ಎರಡು, ಜಲ್ಲಿ ನಾಲ್ಕು..."

"ಕಂಟ್ರಾಕ್ಟರು?"

"'ಪಾಲುದಾರರು ಬರೀ ಮೂರೇ ಜನಾನಾ?' ಅಂತ ನಕ್ಕರು."

"ಬಿರುಕಿಗೆ ಏನಂದ್ರು?"

"ಎಕ್ಸ್‌ಪ್ಯಾನ್ಷನ್ ಜಾಯಿಂಟಂತೆ."

"ಎಕ್ಸ್‌ಪ್ಯಾನ್ಷನ್ ಎಲ್ಲಾಗಿದೆ?"

"ಅವರ ಮನೇಲಿ. ಮೂರನೇ ಮಹಡಿ ಏಳ್ತಿದೆ. ಗಟ್ಟಿ ಕಾಂಕ್ರೀಟು ನೋಡ್ಬೇಕಂದ್ರೆ ಅಲ್ಲಿಗೇ ಹೋಗ್ಬೇಕಂತೆ. ನಾಳೆ ಬಸ್ಸು ಹೇಳಿದ್ದಾರೆ."