ಒಂದು ಡಬ್ಬಕ್ಕೆ ಎಷ್ಟು ಭಾಷ್ಯ?

ಹೆದರಿಸುವ ಸಿನಿಮಾ ನೋಡಿ ನಿದ್ದೆಗೆಟ್ಟವರು ಬೇಕಾದಷ್ಟಿದ್ದಾರೆ. ನಾನು ನಿದ್ದೆಗೆಟ್ಟದ್ದು ಅದರ ಉಗ್ರಾಣದಲ್ಲಿದ್ದ ಡಬ್ಬಗಳಿಂದ.

ಸ್ಟ್ಯಾನ್ಲಿ ಕುಬ್ರಿಕ್ ಅವರ ‘ದಿ ಶೈನಿಂಗ್’ 1980ರದು. ಚಳಿಗಾಲಕ್ಕೆ ಬಾಗಿಲು ಹಾಕಿದ ಬೆಟ್ಟದ ಮೇಲಿನ ಹೋಟೆಲನ್ನು ಕಾಯಲು ಬಂದ ಲೇಖಕನೊಬ್ಬ, ಬರೆಯಲಾಗದೆ ಬುದ್ಧಿ ಕೆಟ್ಟು, ಕೊಡಲಿ ಹಿಡಿದು ಹೆಂಡತಿ ಮಗನ ಬೆನ್ನು ಹತ್ತುತ್ತಾನೆ. ಬರೆಯಲಾಗದ ಲೇಖಕ ಮನೆಯಲ್ಲಿ ಹೇಗಿರುತ್ತಾನೆಂದು ನಮ್ಮವಳಿಗೆ ಗೊತ್ತಿರುವುದರಿಂದ ಅವಳೇನೂ ಹೆದರಲಿಲ್ಲ. ಟಿವಿ ಆರಿಸಿ ಮಲಗಬೇಕು, ಅಷ್ಟರಲ್ಲಿ ಅಣ್ಣನ ಮಗನ ಫೋನು. “ಚಿಕ್ಕಪ್ಪ, ಅಡುಗೆಯವನ ತಲೆ ಹಿಂದೆ ಕ್ಯಾಲ್ಯುಮೆಟ್ ಡಬ್ಬ ಇತ್ತಲ್ಲ, ನೋಡಿದ್ರಾ?” ನಾನು ಅಡುಗೆಯವನನ್ನೇ ಸರಿಯಾಗಿ ನೋಡಿರಲಿಲ್ಲ.

ಮತ್ತೆ ಹಾಕಿ ನೋಡಿದೆ. ಕೆಂಪು ಡಬ್ಬ. ಮೇಲೆ ಗರಿಯ ಕಿರೀಟ ತೊಟ್ಟ ಅಮೆರಿಕದ ಮೂಲನಿವಾಸಿಯ ತಲೆ. ಬೇಕಿಂಗ್ ಪೌಡರಿನದು. ಕ್ಯಾಲ್ಯುಮೆಟ್ ಎಂದರೆ ಆ ಜನ ಒಪ್ಪಂದದ ಹೊತ್ತಿನಲ್ಲಿ ಸೇದುತ್ತಿದ್ದ ಶಾಂತಿಯ ಚಿಲುಮೆ. 1987ರಲ್ಲಿ ಬಿಲ್ ಬ್ಲೇಕ್‌ಮೋರ್ ಎಂಬ ಪತ್ರಕರ್ತರು ಈ ಡಬ್ಬದ ಎಳೆ ಹಿಡಿದು, ಸಿನಿಮಾ ಇರುವುದೇ ಮೂಲನಿವಾಸಿಗಳ ನರಮೇಧದ ಬಗ್ಗೆ ಎಂದು ಬರೆದರು. ಹೋಟೆಲ್ ಕಟ್ಟಿದ್ದು ಅವರ ಸ್ಮಶಾನದ ಮೇಲೆ ಎಂಬ ಮಾತು ಚಿತ್ರದಲ್ಲೇ ಬರುತ್ತದೆ, ಹಾಗಾಗಿ ಇದನ್ನು ಪೂರಾ ತಳ್ಳಿಹಾಕುವ ಹಾಗೂ ಇಲ್ಲ. ಮುಂದೆ ಲೇಖಕ ಉಗ್ರಾಣದಲ್ಲಿ ಬಂಧಿಯಾದಾಗ ಅವೇ ಡಬ್ಬಗಳು ಓರೆಯಾಗಿ ನಿಂತಿರುತ್ತವೆ. ಹೆಸರು ಪೂರ್ತಿ ಕಾಣುವುದಿಲ್ಲ. ಅಂದರೆ ಒಪ್ಪಂದ ಮುರಿಯಿತು!

ಅಲ್ಲಿಗೆ ನಿಲ್ಲಿಸಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು. ಇಂಥ ಭಾಷ್ಯಕಾರರನ್ನೆಲ್ಲ ಕಲೆಹಾಕಿ ರಾಡ್ನಿ ಆಶರ್ 2012ರಲ್ಲಿ ‘ರೂಮ್ 237’ ಎಂಬ ಸಾಕ್ಷ್ಯಚಿತ್ರ ಮಾಡಿದ್ದಾರೆ. ಅದನ್ನೂ ನೋಡಿದೆ. ಗೋಡೆಯ ಮೇಲಿನ ಸ್ಕೀಯಿಂಗ್ ಪೋಸ್ಟರಿನಲ್ಲಿ ಒಬ್ಬರಿಗೆ ಗ್ರೀಕ್ ಪುರಾಣದ ಗೂಳಿತಲೆಯ ರಾಕ್ಷಸ ಕಾಣುತ್ತಾನೆ. ಹುಡುಗನ ಸ್ವೆಟರಿನ ಮೇಲೆ ಅಪೋಲೊ 11 ಎಂದಿದೆಯಲ್ಲ, ಚಂದ್ರನ ಮೇಲೆ ಇಳಿದ ದೃಶ್ಯಗಳನ್ನು ತಾನೇ ತೆಗೆದುಕೊಟ್ಟೆ ಎಂಬ ಕುಬ್ರಿಕ್ಕರ ತಪ್ಪೊಪ್ಪಿಗೆ ಅದು ಅನ್ನುತ್ತಾರೆ ಇನ್ನೊಬ್ಬರು. ಇತಿಹಾಸದ ಮೇಷ್ಟ್ರೊಬ್ಬರು ಜರ್ಮನಿಯ ಆಡ್ಲರ್ ಟೈಪ್‌ರೈಟರಿನಿಂದ ಹೊರಟು ಯಹೂದಿಗಳ ಹತ್ಯಾಕಾಂಡಕ್ಕೆ ಬಂದು ತಲುಪುತ್ತಾರೆ. ದೆವ್ವದ ರೂಮಿನ ನಂಬರ್ 237. ಎರಡು ಮೂರ್ಲ ಆರು, ಆರೇಳ್ಲ ನಲವತ್ತೆರಡು, ಆದ್ದರಿಂದ 1942. ಮಗ್ಗಿ ಇಷ್ಟು ದೂರ ಕರೆದೊಯ್ಯುತ್ತದೆಂದು ಪ್ರೈಮರಿ ಸ್ಕೂಲಿನಲ್ಲೇ ಹೇಳಿದ್ದರೆ ನಾನೂ ಶ್ರದ್ಧೆಯಿಂದ ಕಲಿಯುತ್ತಿದ್ದೆ.

ಇವರೆಲ್ಲರ ಧೈರ್ಯಕ್ಕೆ ಕಾರಣ ಕುಬ್ರಿಕ್ ಸಾಹೇಬರೇ. ಒಂದೊಂದು ಶಾಟನ್ನು ಹತ್ತಾರು ಸಲ ತೆಗೆಯುತ್ತಿದ್ದ ಮನುಷ್ಯ. ಹೋಟೆಲಿನ ಒಳಾಂಗಣ ಇಂಗ್ಲೆಂಡಿನ ಎಲ್‌ಸ್ಟ್ರೀ ಸ್ಟುಡಿಯೋದಲ್ಲಿ ಹಾಕಿದ ಸೆಟ್ಟು. ಅಲ್ಲಿಗೆ ಯಾವ ಡಬ್ಬವೂ ತಾನಾಗಿ ನಡೆದು ಬಂದದ್ದಲ್ಲ. ಒಪ್ಪಿದೆ. ಆದರೆ ಸಿನಿಮಾಕ್ಕೆ ಮೂಲವಾದ ಕಾದಂಬರಿಯಲ್ಲಿ 217 ಇದ್ದ ರೂಮು ಸಿನಿಮಾದಲ್ಲಿ 237 ಆದದ್ದು ಮಗ್ಗಿಗಾಗಿ ಅಲ್ಲ. ಹೊರನೋಟಕ್ಕೆ ತೋರಿಸಿದ್ದು ಒರೆಗಾನಿನ ಟಿಂಬರ್‌ಲೈನ್ ಲಾಡ್ಜನ್ನು. ಸಿನಿಮಾ ನೋಡಿದ ಮೇಲೆ 217ಕ್ಕೆ ಯಾರೂ ಬರಲಿಕ್ಕಿಲ್ಲ, ನಮ್ಮಲ್ಲಿ ಇಲ್ಲದ ನಂಬರ್ ಹಾಕಿ ಎಂದು ಆ ಹೋಟೆಲಿನವರೇ ಕೇಳಿಕೊಂಡಿದ್ದರು. ಈಗ ಜನ ಹಟ ಹಿಡಿದು ಕೇಳುವುದು 217ನ್ನೇ. ಟೈಪ್‌ರೈಟರಂತೂ ಕುಬ್ರಿಕ್ಕರ ಸ್ವಂತದ್ದು ಎಂದು ಅವರ ಸಹಾಯಕ ಲಿಯಾನ್ ವಿಟಾಲಿ ಹೇಳಿಬಿಟ್ಟರು. ಸಾಕ್ಷ್ಯಚಿತ್ರ ನೋಡುತ್ತ ಅವರು ಬಿದ್ದು ಬಿದ್ದು ನಕ್ಕರಂತೆ.

ಮರುದಿನ ಬೆಳಿಗ್ಗೆ ಅಡುಗೆಮನೆಯ ಬಾಗಿಲಿಗೆ ಒರಗಿ ಇದನ್ನೆಲ್ಲ ವಿವರಿಸಿದೆ. ನಮ್ಮವಳು ಸೌಟು ಕೆಳಗಿಡದೆ ಕೇಳಿದಳು, “ಆ ಡಬ್ಬದಲ್ಲಿ ಏನಿತ್ತಂತೆ?”

“ಬೇಕಿಂಗ್ ಪೌಡರ್.”

“ಮುಚ್ಚಳ ತೆಗೆದು ನೋಡಿದ್ರಾ?”

ನಾನು ನಮ್ಮ ಕಪಾಟಿನ ಕಡೆ ನೋಡಿದೆ. ಹಾರ್ಲಿಕ್ಸ್ ಬಾಟಲಿಯಲ್ಲಿ ಹುಣಸೆಹಣ್ಣು. ಬೋರ್ನ್‌ವಿಟಾ ಡಬ್ಬದಲ್ಲಿ ಸಾರಿನ ಪುಡಿ. ಬಿಸ್ಕತ್ತಿನ ಡಬ್ಬದಲ್ಲಿ ಸೂಜಿ, ದಾರ, ಹಳೇ ಗುಂಡಿಗಳು. ‘ಸಕ್ಕರೆ’ ಎಂದು ಕೊರೆಸಿದ, ಅವಳ ತವರಿನಿಂದ ಬಂದ ಸ್ಟೀಲ್ ಡಬ್ಬದಲ್ಲಿ ಕಲ್ಲುಪ್ಪು. ಈ ಕೊನೆಯದೊಂದು ಆ ಇತಿಹಾಸದ ಮೇಷ್ಟ್ರ ಕೈಗೆ ಸಿಕ್ಕಿದ್ದರೆ ನಮ್ಮ ದಾಂಪತ್ಯದ ಮೇಲೆ ಒಂದು ಗ್ರಂಥವೇ ಆಗುತ್ತಿತ್ತು.

“ಸರಿ, ಆಮೇಲೆ ಅವು ಓರೆಯಾದದ್ದು?” ಎಂದೆ, ಸೋಲೊಪ್ಪದೆ.

“ಯಾರೋ ತೆಗೆದಿದ್ದಾರೆ, ವಾಪಸ್ ಇಟ್ಟಿದ್ದಾರೆ. ಗಂಡಸರೇ ಇರಬೇಕು. ಇದ್ದ ಹಾಗೆ ಇಡೋಕೆ ನಿಮಗೆ ಯಾವತ್ತು ಬರುತ್ತೆ?”

ನಲವತ್ತು ವರ್ಷಗಳ ವಾದವಿವಾದದಲ್ಲಿ ಇಷ್ಟು ಸರಳವಾದ ಭಾಷ್ಯ ನಾನಂತೂ ಕೇಳಿಲ್ಲ. ಹಾಗೆಂದು ಹೊಗಳಲು ಬಾಯಿ ತೆರೆಯುವಷ್ಟರಲ್ಲಿ ಅವಳು ಕಪಾಟಿನ ಮೇಲಿನ ಸಾಲಿಗೆ ಸೌಟು ತೋರಿಸಿದಳು.

“ಅಲ್ಲಾ ರೀ, ಮೆಂತ್ಯದ ಡಬ್ಬ ಯಾಕೆ ಗೋಡೆಗೆ ಮುಖ ಮಾಡಿದೆ?”

ಎಣ್ಣೆ ತಿಂಡಿ ಮುಟ್ಟಬೇಡಿ ಎಂದು ಡಾಕ್ಟರು ನನಗೆ ಹೇಳಿದಂದಿನಿಂದ ಆ ಡಬ್ಬದಲ್ಲಿ ಇರುವುದು ಮೆಂತ್ಯವಲ್ಲ. ಮುಚ್ಚಳ ತೆಗೆದು ಎಣಿಸಿದಳು. ನಾಲ್ಕು ಕೋಡುಬಳೆ ಕಡಿಮೆಯಿದ್ದವು.