ಹಲಸಿನ ಕೊಂಬೆ ಮತ್ತು ‘ಹೌದ್ರಿ’

ನಮ್ಮ ಹಿತ್ತಲಿಗೂ ಪಕ್ಕದ ಮನೆ ಕಾಕೂನ ಹಿತ್ತಲಿಗೂ ನಡುವೆ ಎದೆಮಟ್ಟದ ತಂತಿಬೇಲಿ. ಬೇಲಿಯೊಂದು ಇದೆಯೆಂಬುದು ಅವರ ಹಲಸಿನ ಮರಕ್ಕೆ ಮಾತ್ರ ಗೊತ್ತಿಲ್ಲ. ಅದರ ಒಂದು ಕೊಂಬೆ ನಮ್ಮ ಹಂಚಿನ ಮೇಲೆ ಆರಾಮಾಗಿ ಮಲಗಿದೆ. ಎಲೆ ಉದುರಿ ಪನ್ನಾಳ ಕಟ್ಟಿಕೊಂಡರೆ ಬೆಳಗಾವಿಯ ಜುಲೈ ಮಳೆ ಸೀದಾ ನನ್ನ ಪುಸ್ತಕದ ಕಪಾಟಿಗೆ ಇಳಿಯುತ್ತದೆ. ಪ್ರತಿ ಮೇ ತಿಂಗಳು ನಾನು, “ಕಾಕೂ, ಈ ಸಲ ಕೊಂಬಿ ಕಡಸಬೇಕು ನೋಡ್ರಿ” ಅನ್ನುತ್ತೇನೆ. ಅವರು, “ಹೌದ್ರಿ, ಕಡಸಬೇಕು” ಅನ್ನುತ್ತಾರೆ.

ಮೊನ್ನೆ ಬೂಷ್ಟು ಹಿಡಿದ ಪುಸ್ತಕಗಳನ್ನು ಬಿಸಿಲಿಗೆ ಹರವಿಕೊಂಡು ಒಂದೊಂದನ್ನೇ ಹಳೇ ಬನಿಯನ್ನಿನಿಂದ ಒರೆಸುತ್ತ ಕೂತಿದ್ದೆ. ಕಾಕೂ ಬೇಲಿಗೆ ಬಂದರು. ಮೊಮ್ಮಗನನ್ನು ಬೆನನ್ ಸ್ಮಿತ್ ಶಾಲೆಗೆ ಹಾಕಿದ್ದಾರೆ. “ಈ ಬೆನನ್ ಅನ್ನಾಂವ ಯಾರ್ರೀ? ಹುಡುಗ ಕೇಳ್ತದ, ನನಗ ಹೇಳಾಕ ಬರವಲ್ದು.”

ನನ್ನನ್ನು ಕೇಳಬಾರದಿತ್ತು. ಕೇಳಿದರು.

ಕೋಟೆ ಪೇಶ್ವೆಯವರ ಕೈಬಿಟ್ಟು ಕಂಪನಿಯವರ ಪಾಲಾದದ್ದು 1818ರಲ್ಲಿ. ಎರಡೇ ವರ್ಷಕ್ಕೆ, 1820ರಲ್ಲಿ, ಲಂಡನ್ ಮಿಶನ್ನಿನ ಜೋಸೆಫ್ ಟೇಲರ್ ಬಳ್ಳಾರಿಯಿಂದ ಇಲ್ಲಿಗೆ ಬಂದ. ಬೆನನ್ ಅವನ ಹಿಂದೆ ಬಂದವನು. ಇಂಗ್ಲಿಷ್ ಶಾಲೆ ಶುರುವಾದದ್ದು 1832ರಲ್ಲಿ. 1904ರಲ್ಲಿ ಲಂಡನ್ನಿನವರು ತಮ್ಮ ಕೆಲಸವನ್ನು ಅಮೆರಿಕದ ಮೆಥೊಡಿಸ್ಟರಿಗೆ ವಹಿಸಿ ಹೊರಟುಹೋದರು. ಹೆಸರು ಮಾತ್ರ ಗೇಟಿನ ಮೇಲೆ ಉಳಿಯಿತು.

“ಹೌದ್ರಿ” ಅಂದರು ಕಾಕೂ.

ನನಗೆ ಕುತೂಹಲವಿರುವುದು ಶಾಲೆಯ ಬಗ್ಗೆಯಲ್ಲ, ಆ ಬಳ್ಳಾರಿಯ ಮನುಷ್ಯ ಇಲ್ಲಿಯ ಮೊದಲ ಮಳೆಗಾಲವನ್ನು ಹೇಗೆ ಕಳೆದಿರಬಹುದು ಎಂಬುದರ ಬಗ್ಗೆ. ಬಿಸಿಲಿಗೆ ಬಂಡೆ ಸಿಡಿಯುವ ಊರಿನಿಂದ ಬಂದು, ಭರಣಿಯ ಉಪ್ಪು ನೀರಾಗುವ ಊರಲ್ಲಿ ಬೈಬಲ್ಲಿನ ಬೂಷ್ಟು ಒರೆಸುತ್ತ ಕೂತಿದ್ದನೋ ಏನೋ. ಭಾಷೆಯ ಪಾಡಂತೂ ಬೇರೆಯೇ. ಬಳ್ಳಾರಿ ಕನ್ನಡ ರೂಢಿಯಾದ ಕಿವಿಗೆ ನಮ್ಮ ‘ಬರೋಬ್ಬರಿ’, ‘ಪಾವಣೇರು’, ‘ಹೈರಾಣ’ ಬಿದ್ದಾಗ ಮೊದಲಿನಿಂದ ಪಾಠ ಶುರು. ಈ ಓಣಿಯಲ್ಲಿ ಕನ್ನಡ, ಆ ಓಣಿಯಲ್ಲಿ ಮರಾಠಿ, ಕ್ಯಾಂಪಿನಲ್ಲಿ ಇನ್ನೊಂದು. ಕಲಿಸಲು ಬಂದವನು ಯಾವ ಹುಡುಗನ ಮುಂದೆ ಬಾಯಿ ತೆರೆದರೂ ಆ ಹುಡುಗನೇ ಮಾಸ್ತರ.

ಇದರಲ್ಲಿ ನನ್ನ ಅನುಭವವೂ ಇದೆ. ನಾನು ಖಾನಾಪುರದವನು. ಇಲ್ಲಿಂದ ಇಪ್ಪತ್ತಾರು ಕಿಲೋಮೀಟರ್. ಹೈಸ್ಕೂಲಿಗೆಂದು ಬೆಳಗಾವಿಗೆ ಬಂದ ಮೊದಲ ವಾರ, ಮನೆಯ ಕನ್ನಡ, ಓಣಿಯ ಮರಾಠಿ, ಅಂಗಡಿಯ ಕೊಂಕಣಿ ಮೂರನ್ನೂ ಒಂದೇ ವಾಕ್ಯದಲ್ಲಿ ಕಲಸಿ ಉತ್ತರ ಹೇಳಿದೆ. ಇಡೀ ವರ್ಗ ನಕ್ಕಿತು. ಮಾಸ್ತರೂ ನಕ್ಕರು. ಪರದೇಶಿಯಾಗಲು ಹಡಗು ಹತ್ತಬೇಕೆಂದೇನಿಲ್ಲ, ಖಾನಾಪುರದ ಬಸ್ಸು ಸಾಕು.

“ಹೌದ್ರಿ.”

ಆಗ ಹೊಳೆಯಿತು ನನಗೆ. ಪಾಪ, ಟೇಲರ್ ಸಾಹೇಬನಿಗೂ ಇದೇ ಆಗಿರಬೇಕು! ಸಂತೆಯಲ್ಲಿ ನಿಂತು ಉಪದೇಶ ಮಾಡುತ್ತಾನೆ, ಜನ ತಲೆದೂಗಿ “ಹೌದ್ರಿ, ಹೌದ್ರಿ” ಅನ್ನುತ್ತಾರೆ. ಊರಿಗೆ ಊರೇ ಒಪ್ಪಿತೆಂದು ಅವನು ಲಂಡನ್ನಿಗೆ ಕಾಗದ ಬರೆಯಬೇಕು, ಅಷ್ಟರಲ್ಲಿ ಒಪ್ಪಿದವರೆಲ್ಲ ದಸರಾಕ್ಕೆ ಬನ್ನಿ ಮುಡಿಯಲು ಹೊರಟಿದ್ದಾರೆ. ನಮ್ಮ ‘ಹೌದ್ರಿ’ ಅಂದರೆ ‘ಕೇಳಾಕತ್ತೀನಿ, ಮುಂದ ಹೇಳ್ರಿ’ ಅಂತ. ಹುಡುಗರು ಶಾಲೆಗೆ ಬಂದದ್ದೂ ಇಂಗ್ಲಿಷಿಗಾಗಿ, ಕಚೇರಿಯ ನೌಕರಿಗಾಗಿ. ಕ್ರಿಸ್ತನ ಕಥೆಯನ್ನು ಮೇಲೋಗರದಂತೆ ಉಂಡೆದ್ದರು.

ಇದನ್ನು ಹೇಳಿದ್ದೇ ತಡ, ಕಾಕೂ ಬೇಲಿಯ ಕಂಬ ಹಿಡಿದು ಮುಂದೆ ಬಾಗಿದರು. ಅವರ ತಂಗಿಯ ಮಗ ಟೋಕಿಯೋದಲ್ಲಿ ಸಾಫ್ಟ್‌ವೇರಿನವನು. “ಅಲ್ಲೂ ಹಂಗ ಅಂತ್ರೀ! ಮೀಟಿಂಗಿನ್ಯಾಗ ಎಲ್ಲಾರೂ ‘ಹೈ, ಹೈ’ ಅಂದ್ರಂತ. ಇಂವ ಕೆಲಸ ಆತು ಅಂತ ಖುಷಿಲೆ ಮನಿಗೆ ಬಂದಾನ. ಮರುದಿನ ನೋಡಿದ್ರ ಏನೂ ಆಗಿಲ್ಲ.”

ಜಪಾನಿಗೆ ಹೋದ ಮಿಶನರಿಗಳ ಗತಿಯೂ ಇದೇ ಇದ್ದೀತು. 1859ರಲ್ಲಿ ಅಮೆರಿಕದ ಡಾಕ್ಟರ್ ಹೆಪ್‌ಬರ್ನ್ ಕಾನಗಾವಾಕ್ಕೆ ಬಂದಿಳಿದಾಗ ಅಲ್ಲಿ ಕ್ರಿಸ್ತಧರ್ಮವೇ ನಿಷಿದ್ಧ. ನಿಷೇಧದ ಫಲಕಗಳು ಬೀದಿಯಿಂದ ಇಳಿದದ್ದು 1873ರಲ್ಲಿ. ಅಲ್ಲಿಯವರೆಗೆ ಮಾಡುವುದೇನು? ರೋಗಿಗಳನ್ನು ನೋಡಿದ, ಹೆಂಡತಿ ಇಂಗ್ಲಿಷ್ ಪಾಠ ಹೇಳಿದಳು, ಅವನು ಜನರ ಬಾಯಿಂದ ಮಾತು ಹೆಕ್ಕಿ ಹೆಕ್ಕಿ 1867ರಲ್ಲಿ ಜಪಾನಿ-ಇಂಗ್ಲಿಷ್ ನಿಘಂಟು ಮಾಡಿದ. ನಮ್ಮ ಧಾರವಾಡ ಕಂಡ ಕಿಟೆಲ್‌ನ ಹಾಗೇ. ಕಿಟೆಲ್ ಬಂದದ್ದು 1853ರಲ್ಲಿ, ನಿಘಂಟು ಹೊರಬಂದದ್ದು 1894ರಲ್ಲಿ. ನಲವತ್ತೊಂದು ವರ್ಷ! ಮಾತು ಕೊಡಲು ಬಂದವರು ಮಾತು ಬೇಡುತ್ತ ಕೂತರು. ಅವರ ಉಪದೇಶ ಎಷ್ಟು ಜನಕ್ಕೆ ತಾಗಿತೋ ದೇವರೇ ಬಲ್ಲ. ಬೇಡಿ ಕೂಡಿಸಿದ್ದು ಮಾತ್ರ ನನ್ನ ಮೇಜಿನ ಮೇಲೆ, ಬೂಷ್ಟು ಹಿಡಿದು, ಈಗಲೂ ಇದೆ.

“ಮೊದಲಿಗೆ ಆ ಹೆಪ್‌ಬರ್ನ್ ಇದ್ದದ್ದು ಎಲ್ಲಿ ಗೊತ್ತೇನ್ರಿ? ಬುದ್ಧನ ಗುಡಿಯೊಳಗೆ.”

ಕಾಕೂ ನಕ್ಕರು. “ದೇವರ ಗುಡ್ಯಾಗ ಬಾಡಿಗಿಗೆ ಇದ್ದು ಆ ದೇವರನ್ನ ಬಿಡ್ರಿ ಅಂತ ಹೇಳಾಂವನ? ಮನಿ ಮಾಲಕ ಭಾಳ ಶಾಂತ ಇದ್ದಿರಬೇಕು ಬಿಡ್ರಿ.”

ಇಷ್ಟು ಹದವಾದ ಹೊತ್ತು ಮತ್ತೆ ಸಿಗುವುದಿಲ್ಲವೆಂದು, ಕಿಟೆಲ್‌ನ ಬೆನ್ನು ಒರೆಸುತ್ತ ಕೇಳಿದೆ: “ಕಾಕೂ, ಅಂದಂಗ ಆ ಕೊಂಬಿ?”

ಕಾಕೂ ತಲೆಯೆತ್ತಿ ಕೊಂಬೆಯನ್ನು ನೋಡಿದರು. ಅದರಲ್ಲಿ ಆಗಲೇ ಎರಡು ಎಳೆಗಾಯಿ ಬಿಟ್ಟಿದ್ದವು.

“ಹೌದ್ರಿ” ಅಂದರು.