ಉಂಗುರ ವಿನಿಮಯ ಪ್ರಸಂಗ

ಊರಿನ ಮದುವೆಮನೆಯಲ್ಲಿ ಹೆಂಗಸರ ಕಣ್ಣು ಮೊದಲು ಹೋಗುವುದು ಕಿವಿಗೆ, ಆಮೇಲೆ ಮೂಗಿಗೆ, ಕೊನೆಗೆ ಕತ್ತಿಗೆ. ನ್ಯೂಜೆರ್ಸಿಯ ಕನ್ನಡ ಕೂಟದಲ್ಲಿ ಈ ಕ್ರಮ ನಡೆಯುವುದಿಲ್ಲ. ರಾಜ್ಯೋತ್ಸವ ಬರುವುದು ನವೆಂಬರಿನಲ್ಲಿ. ಕಿವಿಯ ಮೇಲೆ ಉಣ್ಣೆ ಟೋಪಿ, ಕತ್ತಿಗೆ ಮಫ್ಲರು. ಸಂಕ್ರಾಂತಿಗೆ ಮೂಗೂ ಕಾಣುವುದಿಲ್ಲ. ಬಾಡಿಗೆಗೆ ಹಿಡಿದ ಶಾಲೆಯ ಸಭಾಂಗಣದಲ್ಲಿ ಹೀಟರು ಕೆಲಸ ಶುರುಮಾಡುವ ತನಕ ಹೊರಗೆ ಕಾಣುವುದು ಬಿಸಿಬೇಳೆಬಾತಿನ ತಟ್ಟೆ ಹಿಡಿದ ಕೈಯೊಂದೇ. ಹೀಗಾಗಿ ಹೊರನಾಡ ಕನ್ನಡಿಗರ ಸಮಸ್ತ ಐಶ್ವರ್ಯವೂ ಎಡಗೈಯ ಉಂಗುರದ ಬೆರಳಿಗೆ ವರ್ಗವಾಗಿದೆ.

ನನ್ನ ಹೆಂಡತಿಯ ಆ ಬೆರಳಿನಲ್ಲಿ ಇದ್ದದ್ದು ಟಿಫನಿ ಉಂಗುರ. 1837ರಲ್ಲಿ ನ್ಯೂಯಾರ್ಕಿನಲ್ಲಿ ಶುರುವಾದ ಅಂಗಡಿ. ಹರಳನ್ನು ಆರು ಕೊಂಡಿಗಳ ಮೇಲೆ ಎತ್ತಿ ನಿಲ್ಲಿಸುವ ಕಟ್ಟು 1886ರಲ್ಲಿ ಅವರೇ ತಂದದ್ದು. ವಜ್ರದ ಗಂಧಗಾಳಿ ಇಲ್ಲದ ಎಚ್-1ಬಿ ವೀಸಾದ ಹುಡುಗ ಇಂಥ ಅಂಗಡಿಗೆ ಹೋದರೆ ಹರಳಿಗಿಂತ ಹೆಚ್ಚಾಗಿ ಧೈರ್ಯವನ್ನು ಕೊಂಡುಕೊಂಡು ಬರುತ್ತಾನೆ. ‘ಮೋಸ ಹೋಗಲಿಲ್ಲ’ ಎಂಬ ಸಮಾಧಾನಕ್ಕೆ ಬೇರೆ ಬೆಲೆ ಉಂಟು, ಅದು ಬಿಲ್ಲಿನಲ್ಲಿ ಸೇರಿಯೇ ಇರುತ್ತದೆ. ನಮ್ಮದು ಅರ್ಧ ಕ್ಯಾರಟ್ಟಿನ ಒಂಟಿ ಹರಳು. ಒಂದು ಕ್ಯಾರಟ್ಟು ಎಂದರೆ 0.2 ಗ್ರಾಂ. ಆ ಕಾಲದ ನನ್ನ ಸಂಬಳದಲ್ಲಿ ಬಾಡಿಗೆ, ಊರಿಗೆ ಕಳಿಸುವ ದುಡ್ಡು ಎಲ್ಲ ಕಳೆದು ಉಳಿದದ್ದರ ತೂಕ ಸರಿಯಾಗಿ 0.1 ಗ್ರಾಂ.

ಬಹಳ ವರ್ಷ ಆ ಉಂಗುರ ನೆಮ್ಮದಿಯಾಗಿ ಚಪಾತಿ ಹಿಟ್ಟು ಕಲಸಿಕೊಂಡಿತ್ತು. ಒಂದು ಯುಗಾದಿಯಲ್ಲಿ, ಹೋಳಿಗೆಯ ಸಾಲಿನಲ್ಲಿ, ಇವಳ ಪಕ್ಕಕ್ಕೆ ಮೂರು ಕ್ಯಾರಟ್ಟಿನ ಕೈಯೊಂದು ಬಂದು ನಿಂತಿತು. ಮನೆಗೆ ಬರುವ ದಾರಿಯಲ್ಲಿ ಕಾರಿನೊಳಗೆ ಮೌನ. ಎಡಿಸನ್ ದಾಟಿದ ಮೇಲೆ ವಿಚಾರಣೆ.

“ರೀ, ಈ ಉಂಗುರದಲ್ಲಿ ಹೆಸರು ಎಲ್ಲಿ ಕೆತ್ತಿದಾರೆ?”

“ಒಳಗಡೆ.”

“ಒಳಗಡೆ ಕೆತ್ತಿದ್ರೆ ಯಾರಿಗೆ ಕಾಣುತ್ತೆ?”

“ನಿನಗೆ ಗೊತ್ತಲ್ಲ.”

“ನನಗೆ ಗೊತ್ತಿರೋದು ಇರಲಿ. ಹೋಳಿಗೆ ಬಡಿಸೋರಿಗೆ ಹೇಗೆ ಗೊತ್ತಾಗ್ಬೇಕು? ಬಿಚ್ಚಿ ಓದಿ ಹೇಳ್ಲಾ?”

ಸುಪ್ರೀಂ ಕೋರ್ಟಿನ ಪೂರ್ಣಪೀಠವೂ ಇದಕ್ಕೆ ಉತ್ತರ ಕೊಡಲಾರದು. ಹೆಸರಿಗೆ ಕೊಟ್ಟ ಹಣ ಬೆರಳಿನ ಚರ್ಮಕ್ಕೆ ಅಂಟಿ ಕೂತಿದೆ, ಗಾತ್ರಕ್ಕೆ ಕೊಟ್ಟದ್ದಾದರೆ ಸಭಾಂಗಣದ ಕೊನೆಯ ಸಾಲಿಗೂ ಕಾಣುತ್ತದೆ. ಆದ್ದರಿಂದ ಹೆಸರನ್ನು ಕೊಟ್ಟು ಗಾತ್ರವನ್ನು ತರುವುದು ಎಂದು ತೀರ್ಮಾನವಾಯಿತು. ತೀರ್ಮಾನವಾದದ್ದನ್ನು ನನಗೆ ತಿಳಿಸಲಾಯಿತು.

ನಮ್ಮ ಮಗಳು ಕಾಲೇಜಿನವಳು, ನ್ಯಾಯದ ಪಕ್ಷ. “ಅಮ್ಮಾ, ಲ್ಯಾಬ್ ಡೈಮಂಡ್ ತಗೋ. ಅದೂ ನಿಜವಾದ ವಜ್ರಾನೇ” ಎಂದಳು. ಅವಳ ಮಾತು ಸುಳ್ಳಲ್ಲ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2018ರಲ್ಲೇ ವಜ್ರದ ವ್ಯಾಖ್ಯೆಯಿಂದ ‘ನೈಸರ್ಗಿಕ’ ಎಂಬ ಪದವನ್ನು ತೆಗೆದುಹಾಕಿದೆ. 2023ರಲ್ಲಿ ನಮ್ಮ ಪ್ರಧಾನಿಯವರು ಆಗಿನ ಅಮೆರಿಕ ಅಧ್ಯಕ್ಷರ ಪತ್ನಿ ಜಿಲ್ ಬೈಡನ್ ಅವರಿಗೆ ಉಡುಗೊರೆ ಕೊಟ್ಟದ್ದೂ 7.5 ಕ್ಯಾರಟ್ಟಿನ ಲ್ಯಾಬ್ ವಜ್ರವೇ. ಅದರ ಬೆಲೆಯನ್ನು ಅಮೆರಿಕ ಸರ್ಕಾರ 20,000 ಡಾಲರ್ ಎಂದು ಲೆಕ್ಕಕ್ಕೆ ಬರೆದುಕೊಂಡಿತು.

“ಶ್ವೇತಭವನಕ್ಕೇ ನಡೆಯುತ್ತೆ, ನಮಗೆ ನಡೆಯಲ್ವಾ?” ಎಂದೆ, ಉಳಿತಾಯದ ವಾಸನೆ ಹಿಡಿದು.

“ಜಿಲ್ ಬೈಡನ್ ಕನ್ನಡ ಕೂಟಕ್ಕೆ ಬರಲ್ಲ ಕಣ್ರೀ. ಅವರನ್ನ ‘ಇದು ಲ್ಯಾಬಾ?’ ಅಂತ ಯಾರೂ ಕೇಳಲ್ಲ.”

ಈ ಪ್ರಶ್ನೆ ಈಗ ನಮ್ಮ ಸಮಾಜದಲ್ಲಿ ಸಂಬಳ ಕೇಳುವುದಕ್ಕಿಂತ ಸೂಕ್ಷ್ಮ. ಬಾಯಿಬಿಟ್ಟು ಯಾರೂ ಕೇಳುವುದಿಲ್ಲ. “ಎಷ್ಟು ಚೆನ್ನಾಗಿದೆ! ಈಗೆಲ್ಲ ಎಷ್ಟು ಸುಲಭ ಆಗಿದೆ ಅಲ್ವಾ?” ಎನ್ನುತ್ತಾರೆ. ಆ ‘ಸುಲಭ’ದಲ್ಲಿ ಪ್ರಯೋಗಾಲಯದ ಅಷ್ಟೂ ಯಂತ್ರಗಳು ಸದ್ದು ಮಾಡುತ್ತವೆ. ಭೂಮಿಯೊಳಗೆ ಕೋಟ್ಯಂತರ ವರ್ಷ ಕಾದು ಬಂದದ್ದೇ ಆಗಬೇಕು ಎಂದು ಇವಳ ಹಟ. ಅಷ್ಟು ವರ್ಷದ ಬಾಡಿಗೆಯನ್ನು ಕಟ್ಟುವವನು ನಾನು.

ವಿಷಯ ಮೈಸೂರಿಗೂ ಮುಟ್ಟಿತು. ವಿಡಿಯೋ ಕಾಲಿನಲ್ಲಿ ನಮ್ಮತ್ತೆ ಪ್ರತ್ಯಕ್ಷರಾದರು. ಅವರ ಕಿವಿಯಲ್ಲಿ ಏಳು ಹರಳಿನ ಬೆಂಡೋಲೆ, ಅವರ ಅತ್ತೆಯ ಕಾಲದ್ದು. ಪೆಟ್ಟಿಗೆ ಇಲ್ಲ, ರಶೀದಿ ಇಲ್ಲ, ಸರ್ಟಿಫಿಕೇಟಂತೂ ಕೇಳಲೇಬೇಡಿ. ಆದರೂ ಅದರ ಮಾತೆತ್ತಿದರೆ “ಬ್ಲೂ ಜಾಗರ್ ಅಳಿಯಂದ್ರೇ, ಬ್ಲೂ ಜಾಗರ್” ಎಂದು ಎರಡು ಸಲ ಹೇಳುತ್ತಾರೆ. ಜಾಗರ್ ಎಂದರೆ ದಕ್ಷಿಣ ಆಫ್ರಿಕಾದ ಯಾಗರ್ಸ್‌ಫಾಂಟೇನ್ ಗಣಿ. 1893ರಲ್ಲಿ 995 ಕ್ಯಾರಟ್ಟಿನ ‘ಎಕ್ಸೆಲ್ಸಿಯರ್’ ಸಿಕ್ಕಿದ್ದು ಅಲ್ಲಿಯೇ. ನೀಲಿ ಛಾಯೆಯ ಹರಳಿಗೆ ಹೆಸರಾದ ಆ ಗಣಿ 1971ರಲ್ಲಿ ಮುಚ್ಚಿತು. ಆಫ್ರಿಕಾ ಇರಲಿ, ಶ್ರೀರಂಗಪಟ್ಟಣ ದಾಟಿದರೆ ತಲೆಸುತ್ತು ಬರುವ ನಮ್ಮತ್ತೆ, ಮುಚ್ಚಿಹೋದ ಆ ಗಣಿಯ ಹೆಸರನ್ನು ಇಂದಿಗೂ ಕಿವಿಯಲ್ಲಿ ಹೊತ್ತು ತಿರುಗುತ್ತಾರೆ. ಬ್ರ್ಯಾಂಡಿನ ಹುಚ್ಚನ್ನು ನಮ್ಮ ಜನ ಅಮೆರಿಕದಲ್ಲಿ ಕಲಿತರು ಎನ್ನುವವರು ಒಮ್ಮೆ ಮೈಸೂರಿನ ಅಗ್ರಹಾರ ಸುತ್ತಿ ಬರಬೇಕು.

“ವಜ್ರ ಎಲ್ಲರಿಗೂ ಆಗಿಬರಲ್ಲ ಅಳಿಯಂದ್ರೇ. ತಂದ ತಕ್ಷಣ ಹಾಕ್ಕೋಬಾರ್ದು. ದೇವರ ಮನೇಲಿಟ್ಟು ನೋಡ್ಬೇಕು. ಕೆಟ್ಟ ಕನಸು, ಜ್ವರ, ಏನಾದ್ರೂ ಬಂದ್ರೆ ವಾಪಸ್ ಕೊಟ್ಬಿಡ್ಬೇಕು.”

“ಇಲ್ಲಿ ಮೂವತ್ತು ದಿನದ ರಿಟರ್ನ್ ಪಾಲಿಸಿ ಇರುತ್ತೆ ಅತ್ತೆ.”

“ನೋಡಿದ್ರಾ! ಅಮೆರಿಕದವರಿಗೂ ಶಾಸ್ತ್ರ ಗೊತ್ತು.”

ಇಷ್ಟಾದ ಮೇಲೆ ನನ್ನ ಪಾಲಿಗೆ ಉಳಿದದ್ದು ಲೆಕ್ಕ. ಸಾಫ್ಟ್‌ವೇರಿನವನ ಕೈಗೆ ಸಂಸಾರ ಕೊಟ್ಟರೆ ಅವನು ಎಕ್ಸೆಲ್ ಶೀಟು ತೆರೆಯುತ್ತಾನೆ. ದುಂಡು ಹರಳು ಅರ್ಧ ಕ್ಯಾರಟ್ಟಿನದಾದರೆ ಅದರ ಅಗಲ ಸುಮಾರು 5.1 ಮಿಲಿಮೀಟರ್. ಒಂದು ಕ್ಯಾರಟ್ಟಿಗೆ 6.5, ಎರಡಕ್ಕೆ 8.1. ತೂಕ ನಾಲ್ಕು ಪಟ್ಟಾದರೂ ಅಗಲ ಹೆಚ್ಚುವುದು ಒಂದೂವರೆ ಪಟ್ಟಿಗೆ ಚೂರು ಮೇಲೆ. ಬೆಲೆ ಮಾತ್ರ ನಾಲ್ಕು ಪಟ್ಟಿಗೂ ನಿಲ್ಲುವುದಿಲ್ಲ, ಏಕೆಂದರೆ ಹರಳು ದೊಡ್ಡದಾದಷ್ಟೂ ಕ್ಯಾರಟ್ಟಿನ ದರವೇ ಏರುತ್ತದೆ. ಅದರಲ್ಲೂ ಒಂದು, ಒಂದೂವರೆ, ಎರಡು ಎಂಬ ಅಂಕಿಗಳ ಹೊಸ್ತಿಲು ದಾಟಿದರೆ ದರ ಜಿಗಿಯುತ್ತದೆ. ಬಾಟಾ ಅಂಗಡಿಯ ಚಪ್ಪಲಿಯ ಬೆಲೆಯಂತೆ ಹೊಸ್ತಿಲಿನ ಈಚೆಗೇ ನಿಂತರೆ ಜೇಬಿಗೆ ಕ್ಷೇಮ: 1.50 ಬೇಡ, 1.45 ನೋಡು. ಕಣ್ಣಿಗೆ ಆ ವ್ಯತ್ಯಾಸ ಕಾಣುವುದೇ ಇಲ್ಲ. ಹೀಗೆಂದು ಬಣ್ಣದ ನಕ್ಷೆ ಬರೆದು ತೋರಿಸಿದೆ. ಅವಳು ನಕ್ಷೆಯನ್ನು ನೋಡದೆ 8.1 ಮಿಲಿಮೀಟರಿನ ಸಾಲಿನ ಮೇಲೆ ಬೆರಳಿಟ್ಟಳು.

ಮ್ಯಾನ್‌ಹಟನ್ನಿನ 47ನೇ ಬೀದಿಯಲ್ಲಿ ಐದನೇ ಮತ್ತು ಆರನೇ ಅವೆನ್ಯೂಗಳ ನಡುವಿನ ತುಂಡಿಗೆ ಡೈಮಂಡ್ ಡಿಸ್ಟ್ರಿಕ್ಟ್ ಎಂದು ಹೆಸರು. ಅಲ್ಲಿಂದ ಹತ್ತು ಬೀದಿ ಮೇಲಕ್ಕೆ ನಡೆದರೆ ಟಿಫನಿಯ ದೊಡ್ಡ ಅಂಗಡಿ. ಅಲ್ಲಿ ಬಾಗಿಲು ತೆರೆಯಲು ಸೂಟಿನವರು ನಿಂತಿರುತ್ತಾರೆ. ಇಲ್ಲಿ “ಮಾರ್ತೀರಾ? ಕೊಳ್ತೀರಾ?” ಎಂದು ಫುಟ್‌ಪಾತಿನಲ್ಲೇ ತೋಳು ಹಿಡಿಯುತ್ತಾರೆ. ಇವಳಿಗೆ ಈ ಬೀದಿಯೇ ಹಿಡಿಸಿತು. ಬೆಂಗಳೂರಿನ ಅವೆನ್ಯೂ ರೋಡಿನಲ್ಲಿ ಬೆಳೆದ ಚೌಕಾಸಿ ಕಲೆ ಇಷ್ಟು ವರ್ಷ ಸೂಪರ್‌ಮಾರ್ಕೆಟ್ಟುಗಳ ಅಂಟಿಸಿದ ಬೆಲೆಚೀಟಿಯ ಮುಂದೆ ತುಕ್ಕು ಹಿಡಿದಿತ್ತು.

ಒಂದು ಗಾಜಿನ ಮೇಜಿನ ಹಿಂದೆ ಪಾಲನಪುರದ ಗುಜರಾತಿಯೊಬ್ಬರು ಸಿಕ್ಕಿದರು. ಮಾತೆಲ್ಲ ನಮ್ಮ ಬೆಂಗಳೂರು ಹಿಂದಿಯಲ್ಲಿ. ಅವರು ಹತ್ತು ಪಟ್ಟು ಹಿಗ್ಗಿಸುವ ಲೂಪನ್ನು ಕಣ್ಣಿಗೆ ಹಿಡಿದು ನಮ್ಮ ಹರಳಿನ ಅಂಚಿನ ಸಂಖ್ಯೆ ಓದಿದರು, ಪ್ಲಾಟಿನಂ ತೂಗಿದರು, ಒಂದು ಅಂಕಿ ಹೇಳಿದರು. ನಾನು ಮೇಜು ಹಿಡಿದುಕೊಂಡೆ.

“ಭಾಯಿಸಾಬ್, ಇದು ಟಿಫನಿ!”

“ಅದಕ್ಕೇ ಇಷ್ಟಾದರೂ ಹೇಳಿದೆ. ಹೆಸರಿಗೆ ಸ್ವಲ್ಪ ಹಾಕಿದ್ದೇನೆ. ಆದರೆ ತಕ್ಕಡಿಯಲ್ಲಿಟ್ಟರೆ ಹೆಸರು ತೂಗಲ್ಲ ಸಾಬ್.”

ವಜ್ರ ಶಾಶ್ವತ ಎಂಬ ಪ್ರಖ್ಯಾತ ಘೋಷಣೆಯನ್ನು ಡಿ ಬಿಯರ್ಸ್ ಕಂಪನಿಯ ಜಾಹೀರಾತಿಗಾಗಿ 1947ರಲ್ಲಿ ಬರೆದವರು ಫ್ರಾನ್ಸಿಸ್ ಗೆರೆಟಿ ಎಂಬ ಮಹಿಳೆ. ಶಾಶ್ವತ ಎಂದದ್ದು ಹರಳಿಗೆ, ಬೆಲೆಗಲ್ಲ. ಅಂಗಡಿಯ ಮೆಟ್ಟಿಲಿಳಿದ ಗಳಿಗೆಯಿಂದ ವಜ್ರ ಹಳೆಯದೇ. ಜಗತ್ತಿನ ಗಂಡಸರನ್ನೆಲ್ಲ ಉಂಗುರದ ಅಂಗಡಿಗೆ ಓಡಿಸಿದ ಗೆರೆಟಿಯವರು ತಾವು ಮಾತ್ರ ಮದುವೆಯಾಗಲೇ ಇಲ್ಲ. ಬುದ್ಧಿವಂತೆ.

ಇವಳು ಆ ಅಂಕಿ ಕೇಳಿ ಕಣ್ಣು ಮಿಟುಕಿಸಲಿಲ್ಲ. ಮೂರು ಬಾರಿ ಎದ್ದು ಹೊರಟಳು, ಮೂರು ಬಾರಿ ಅವರು ಕರೆದರು. ನಾಲ್ಕನೆಯ ಸಲ ಬಿಳಿ ಕಾಗದದ ಮಡಿಕೆಯಿಂದ ಒಂದು ಹರಳು ಹೊರಬಂತು. ಎರಡು ಕ್ಯಾರಟ್ಟಿಗೆ ಕೂದಲೆಳೆಯಷ್ಟು ಕಡಿಮೆ, ಸೂರತ್ತಿನಲ್ಲಿ ಸಾಣೆ ಹಿಡಿದದ್ದು, ಯಾವ ಅಂಗಡಿಯ ಹೆಸರೂ ಇಲ್ಲ, ವಜ್ರ ಪರೀಕ್ಷಿಸುವ ಜಿಐಎ ಸಂಸ್ಥೆಯ ಸರ್ಟಿಫಿಕೇಟು ಮಾತ್ರ ಇದೆ. ಬಣ್ಣ ‘ಜೆ’. ‘ಡಿ’ಯಿಂದ ‘ಝಡ್’ವರೆಗಿನ ಏಣಿಯಲ್ಲಿ ತುಸು ಹಳದಿಗೆ ವಾಲಿದ ಮೆಟ್ಟಿಲು. ಹಳದಿ ಚಿನ್ನಕ್ಕೆ ಕಟ್ಟಿಸಿದರೆ ಅದು ಗೊತ್ತೇ ಆಗುವುದಿಲ್ಲ ಎಂದು ಅವಳೇ ಅವರಿಗೆ ಹೇಳಿಕೊಟ್ಟಳು. ನನ್ನ ನಕ್ಷೆಯ ಒಂದು ಸಾಲನ್ನು ಓದಿದ್ದಾಳೆ ಎಂಬುದು ಆಗ ತಿಳಿಯಿತು.

“ಮಜಲ್” ಎಂದು ಅವರು ಕೈಕುಲುಕಿದರು. ಯೆಹೂದಿ ವ್ಯಾಪಾರಿಗಳಿಂದ ಬಂದ ಮಾತು, ಆ ಬೀದಿಯಲ್ಲಿ ಅದೇ ಅಗ್ರಿಮೆಂಟು. ಆಮೇಲೆ ಮೆಲ್ಲಗೆ, “ಟಿಫನಿಯ ನೀಲಿ ಡಬ್ಬಿ ತಂದಿದ್ದೀರಾ? ಡಬ್ಬಿ ಕೊಟ್ಟರೆ ಇನ್ನಷ್ಟು ಸೇರಿಸ್ತೀನಿ” ಎಂದರು.

“ಡಬ್ಬಿ ಕೊಡಲ್ಲ” ಎಂದಳು ಇವಳು.

“ಬರೀ ರಟ್ಟಿನ ಡಬ್ಬಿ ಕಣೇ” ಎಂದೆ.

“ರಟ್ಟಿನದಾದ್ರೆ ಅವರಿಗ್ಯಾಕೆ ಬೇಕಂತೆ?”

ನ್ಯೂಯಾರ್ಕ್ ನಗರದ ಶೇಕಡಾ 8.875 ತೆರಿಗೆ, ಕಟ್ಟುಗೂಲಿ, ವಿಮೆಗೆ ಬೇಕಾದ ಬೆಲೆಪತ್ರದ ಶುಲ್ಕ, ಎಲ್ಲ ಸೇರಿ ಎಕ್ಸೆಲ್ ಶೀಟು ಕೆಂಪಾಯಿತು. ಹೊಸ ಉಂಗುರ ನೀಲಿ ಡಬ್ಬಿಯೊಳಗೆ ಕೂತು, ದೇವರ ಮನೆಯಲ್ಲಿ ಶಾಸ್ತ್ರ ಮುಗಿಸಿ, ಬೆರಳಿಗೆ ಏರಿತು. ಜ್ವರ ಯಾರಿಗೂ ಬರಲಿಲ್ಲ, ಕೆಟ್ಟ ಕನಸು ನನಗೆ ಮಾತ್ರ. ವಿಡಿಯೋದಲ್ಲಿ ನೋಡಿದ ನಮ್ಮತ್ತೆ ಹರಳಿನ ಗಾತ್ರದ ಮಾತೇ ಎತ್ತಲಿಲ್ಲ. “ಅಂತೂ ಚಿನ್ನಕ್ಕೆ ಕಟ್ಟಿಸಿದ್ರಲ್ಲ, ಸದ್ಯ. ಆ ಹಳೇದು ಬೆಳ್ಳೀದು, ಅಳಿಯಂದ್ರಿಗೆ ಬೇಜಾರಾಗುತ್ತೆ ಅಂತ ಇಷ್ಟು ದಿನ ಹೇಳಿರ್ಲಿಲ್ಲ” ಎಂದರು. ಪ್ಲಾಟಿನಮ್ಮಿಗೆ ನಾನು ಕೊಟ್ಟ ಡಾಲರುಗಳು ಅಷ್ಟೂ ವರ್ಷ ಮೈಸೂರಿನಲ್ಲಿ ಬೆಳ್ಳಿಯಾಗಿ ಹೊಳೆಯುತ್ತಿದ್ದವು.

ಹೊರನಾಡ ಗಂಡಂದಿರಲ್ಲಿ ನನ್ನ ವಿನಂತಿ ಇಷ್ಟೇ. ವಜ್ರವನ್ನು ಹೆಸರಿಗಾದರೂ ಕೊಳ್ಳಿ, ಗಾತ್ರಕ್ಕಾದರೂ ಕೊಳ್ಳಿ, ಆದರೆ ಆ ಹಣವನ್ನು ಉಳಿತಾಯದ ಕಾಲಮ್ಮಿನಲ್ಲಿ ಬರೆಯಬೇಡಿ. ಅದಕ್ಕೆ ಚಿನ್ನದ ಬಳೆ ಇದೆ. ಬದಲಾಯಿಸಲು ಹೊರಟರೆ ಲೆಕ್ಕವನ್ನು ನೀವು ಮಾಡಿ, ಚೌಕಾಸಿಯನ್ನು ಮನೆಯವರಿಗೆ ಬಿಡಿ. ವ್ಯಾಪಾರಿ ಡಬ್ಬಿ ಕೇಳಿದಾಗ ಮಾತ್ರ ನೀವು ಬಾಯಿ ಹಾಕಬೇಡಿ.